ಕಟ್ಟೆಯ ಮೇಲಿನ ಮೊದಲ ಬನ್ನಿ

ಹೈದರಾಬಾದಿಗೆ ಬಂದ ನಾಲ್ಕನೆಯ ತಿಂಗಳಲ್ಲಿ, ಸುಲ್ತಾನ್ ಬಜಾರಿನ ಒಂದು ಗಾದಿ ಅಂಗಡಿಯಲ್ಲಿ, ಅದುವರೆಗೆ ನಾನು ಕಂಡೇ ಇರದ ಒಬ್ಬ ಮುದುಕಿ ನನ್ನ ಮೂಗಿನ ಗುರುತು ಹಿಡಿದರು.

ಮೊಮ್ಮಗಳಿಗೆ ಒಂದು ಚಿಕ್ಕ ಗಾದಿ ಬೇಕಾಗಿತ್ತು. ನಾನೂ ನನ್ನ ಹೆಂಡತಿ ಸರೋಜಾಳೂ ಹತ್ತಿಯ ಮೂಟೆಗಳ ನಡುವೆ ನಿಂತು, ಈ ಅಂಗಡಿಯವ ಹಳೆಯ ಹತ್ತಿಯನ್ನೇ ಬಡಿದು ಹೊಸದೆಂದು ತುಂಬುತ್ತಾನೋ ಏನೋ ಎಂದು ಕನ್ನಡದಲ್ಲಿ ಚರ್ಚೆ ನಡೆಸಿದ್ದೆವು. ಪರಸ್ಥಳದಲ್ಲಿ ಕನ್ನಡವೆಂಬುದು ಅಂಗಡಿಯವನ ಎದುರಿಗೇ ಅಂಗಡಿಯವನನ್ನು ಬೈಯಲೆಂದು ಭಗವಂತ ದಯಪಾಲಿಸಿದ ವರ ಎಂಬುದು ನಮ್ಮ ದೃಢವಾದ ನಂಬಿಕೆ. ಮೂಟೆಗಳ ನಡುವೆ ಇನ್ನೊಂದು ಮೂಟೆಯಂತೆ ಕೂತಿದ್ದ ಮುದುಕಿ ಆಗ ತಲೆಯೆತ್ತಿದರು.

"ಹತ್ತಿ ಹೊಸಾದ ಐತಿ. ನಿನ್ನ ಮೂಗ ಅಷ್ಟ ಹಳೇದು. ಕುಲಕರ್ಣ್ಯಾರ ಮನೀದಲ್ಲೇನು ಅದು?"

ನಾನು ಮೂಗು ಮುಟ್ಟಿಕೊಂಡೆ. ಸರೋಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಮ್ಮಿಬ್ಬರಿಗಿಂತ ಹೆಚ್ಚು ಬೆಚ್ಚಿದವರು ಗಲ್ಲಾದಲ್ಲಿ ಕೂತಿದ್ದ ಅವರ ಮಗ ರಫೀಕ್ ಭಾಯಿ. "ಅಮ್ಮೀ, ಯೇ ಕೌನ್ಸೀ ಜಬಾನ್ ಹೈ?" ಎಂದರು. ಐವತ್ತು ದಾಟಿದ ಮನುಷ್ಯ. ಹುಟ್ಟಿದಾಗಿನಿಂದ ತಾಯಿಯ ಬಾಯಲ್ಲಿ ಕನ್ನಡ ಕೇಳಿರಲಿಲ್ಲವಂತೆ. ಅದು ಈಗಿನ ನಮ್ಮೂರಿನ ಕನ್ನಡವಲ್ಲ, ನನ್ನ ಅಜ್ಜಿಯ ಕಾಲದ್ದು. ಉಪ್ಪಿನಕಾಯಿಯ ಜಾಡಿಯಲ್ಲಿಟ್ಟು ಬಾಯಿ ಕಟ್ಟಿದ ಹಾಗೆ, ಇಷ್ಟು ವರ್ಷವೂ ಕೆಡದೆ ಉಳಿದಿತ್ತು.

ಈ ಮಾತನ್ನು ಮುಂದುವರಿಸುವ ಮೊದಲು ಊರಿನವರು ಫೋನಿನಲ್ಲಿ ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಟ್ಟುಬಿಡುತ್ತೇನೆ. ನಾನು ಬೀದರ ಜಿಲ್ಲೆಯಲ್ಲಿ, ನಕ್ಷೆಯ ಮೇಲೆ ನೊಣ ಕೂತರೆ ಕಾಣದಂತಾಗುವ ಒಂದು ಊರಿನವನು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ, "ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ" ಎಂಬ ವಾಕ್ಯವನ್ನು ಸಹಸ್ರಾರು ಜನರಿಗೆ ಓದಿ ಹೇಳಿ ನಿವೃತ್ತನಾದವನು. ಮಗಳು ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರಿನಲ್ಲಿ ಗಣಿತ ಕಲಿಸುತ್ತಾಳೆ. ಅಳಿಯನಿಗೆ ವಾರದಲ್ಲಿ ಐದು ದಿನ ಊರೂರು ಸುತ್ತುವ ಔಷಧಿ ಕಂಪನಿಯ ಕೆಲಸ. "ನೀವಿಬ್ಬರೂ ನಮ್ಮ ಜೊತೆ ಆರಾಮಾಗಿ ಇರ್ರಿ" ಎಂದು ನಮ್ಮನ್ನು ಕರೆಸಿಕೊಂಡರು. ಆ ಆರಾಮಕ್ಕೆ ಈಗ ಮೂರು ವರ್ಷ. ತುಂಬಾ ಅಳುತ್ತದೆ, ಅನ್ನ ಉಗುಳುತ್ತದೆ.

ಮನೆ ನಾರಾಯಣಗೂಡದಲ್ಲಿ. ಬಾಡಿಗೆಗೆ ನೋಡಲು ಹೋದಾಗ ಮಾಲೀಕರು ಗಾಳಿ ಬೆಳಕಿನ ಮಾತೇ ಎತ್ತಲಿಲ್ಲ. ಘನಗಂಭೀರವಾಗಿ "ಮಂಜೀರಾ ನೀಳ್ಳು ಉನ್ನಾಯಿ" ಎಂದರು. ಮಂಜೀರಾ ನೀರಿದೆ ಎಂದು ಅರ್ಥ. ಈ ಊರಿನಲ್ಲಿ ನಳದ ಸಿಹಿನೀರಿಗೆ ಹಳಬರು ಈಗಲೂ ಅನ್ನುವುದು ಹಾಗೆ. ನನಗೆ ನಗು ಬಂತು. ಮಂಜೀರಾ ಎಂದರೆ ನಮ್ಮ ಮಾಂಜ್ರಾ ಹೊಳೆ. ನಮ್ಮ ಮನೆತನದ ಎಲ್ಲ ಹಿರಿಯರ ಬೂದಿಯನ್ನು ನಾವು ಬಿಡುತ್ತ ಬಂದಿರುವುದು ಅದರಲ್ಲಿಯೇ. ಅಂದರೆ ಹೈದರಾಬಾದಿಗೆ ವಲಸೆ ಬಂದವರಲ್ಲಿ ನಾನು ಮೊದಲನೆಯವನಲ್ಲ. ಅಜ್ಜ, ಮುತ್ತಜ್ಜ ಎಲ್ಲರೂ ಮುಂಚೆಯೇ ಬಂದು ನಳದಲ್ಲಿ ವಾಸವಾಗಿದ್ದಾರೆ.

ಭಾಷೆ ಅರ್ಧ ಕಷ್ಟ, ಅರ್ಧ ಸುಲಭ. "ನಕ್ಕೋ" ಎಂದರೆ ಬೇಡ, "ಹೌ" ಎಂದರೆ ಹೌದು ಎಂಬ ಇಲ್ಲಿಯ ದಖನಿ ಮಾತು ಬೀದರದವರಿಗೆ ಮೊಲೆಹಾಲಿನ ಜೊತೆಗೇ ಇಳಿದಿರುತ್ತದೆ. ತೆಲುಗು ಮಾತ್ರ ನನ್ನನ್ನು ಕಂಡರೆ ಓಡುತ್ತದೆ. ರೊಟ್ಟಿಯ ಚಿಂತೆಯಿಲ್ಲ: ಸಂಜೆ ರಸ್ತೆಯ ಮಗ್ಗುಲಲ್ಲಿ ಹೆಂಗಸರು ಒಲೆ ಹೂಡಿ ಜೋಳದ ರೊಟ್ಟಿ ಬಡಿಯುತ್ತಾರೆ. ಒಮ್ಮೆ ಹತ್ತಿರ ಹೋಗಿ ನೋಡಿದರೆ ಬಡಿಯುತ್ತಿದ್ದವಳು ನಮ್ಮ ಔರಾದ ಕಡೆಯವಳೇ, ಗಂಡ ಕಟ್ಟಡದ ಕೂಲಿ. "ಒಂದ ಹೆಚ್ಚಿಗಿ ತಗೋರಿ ಸಾಹೇಬ್ರ, ನಮ್ಮ ಕಡೀ ಮಂದಿ" ಎಂದು ಕೈಗೆ ಹಾಕಿದಳು. ನನ್ನ ಮೊದಲ ಗೆಲುವು ಅದು. ಉಳಿದಂತೆ ಒಂಟಿತನ. ಊರಿನಲ್ಲಿ ನನ್ನ ಮೂಗು ನೋಡಿ ನಾಲ್ಕು ತಲೆಮಾರು ಹೇಳುವವರಿದ್ದರು. ಇಲ್ಲಿ ಎಲ್ಲರೂ ಆಧಾರ್ ಕಾರ್ಡ್ ಕೇಳುತ್ತಾರೆ.

ಆದ್ದರಿಂದಲೇ ಸುಲ್ತಾನ್ ಬಜಾರಿನಲ್ಲಿ ನಾನು ಅಷ್ಟು ಹಿಗ್ಗಿದ್ದು.

"ಹೌದ್ರವ್ವಾ, ನಾ ರಾಘಪ್ಪ ಕುಲಕರ್ಣ್ಯಾರ ಮೊಮ್ಮಗ. ನೀವ್ಯಾರು?"

"ಇಮಾಮಸಾಬ ಪಿಂಜಾರನ ಮಗಳು. ಹುಸೇನಬೀ. ನಿಮ್ಮ ಮನ್ಯಾಗಿನ ಗಾದಿ ಎಲ್ಲಾ ನಮ್ಮ ಅಬ್ಬಾನ ಬಡದದ್ದು."

ಪಿಂಜಾರರೆಂದರೆ ಹತ್ತಿ ಬಡಿದು ಗಾದಿ, ಕೌದಿ ತುಂಬುವವರು. ಹುಸೇನಬೀಯ ತಲೆಯ ಮೇಲೆ ಗೋಡೆಗೆ ಒಂದು ಆಳುದ್ದದ ಹಳೆಯ ಬಿಲ್ಲು ತೂಗುಹಾಕಿತ್ತು, ಹತ್ತಿ ಬಡಿಯುವ ಬಿಲ್ಲು. ಅಂಗಡಿಯ ಹಿಂಭಾಗದಲ್ಲಿ ಯಂತ್ರ ಗುರುಗುಟ್ಟುತ್ತಿದ್ದರೂ ಬಿಲ್ಲಿನ ತಂತಿ ಹೊಸದಾಗಿತ್ತು, ಬಿಗಿಯಾಗಿತ್ತು. ನಾನು ಅದನ್ನು ನೋಡಿದೆನೇ ಹೊರತು ಏನೂ ಯೋಚಿಸಲಿಲ್ಲ. ನನ್ನ ತಲೆಯಲ್ಲಿ ಇಮಾಮಸಾಬ ಎಂಬ ಹೆಸರೇ ಗಂಟೆ ಹೊಡೆಯುತ್ತಿತ್ತು.

ಯಾಕೆಂದರೆ ನಮ್ಮ ಮನೆತನದ ಏಕೈಕ ವೀರಗಾಥೆಯ ನಾಯಕ ಅವನೇ. ಪೊಲೀಸ್ ಆ್ಯಕ್ಷನ್ ಆದ ವರ್ಷದ, ಅಂದರೆ ನಲವತ್ತೆಂಟರ ಸಂಗತಿ. ಅದಕ್ಕೆ ಮೊದಲು ನಿಜಾಮನ ಕಡೆಯ ರಜಾಕಾರರು ಊರೂರು ಸುಟ್ಟಿದ್ದರು. ಅದನ್ನು ಹೇಳಲು ನಮ್ಮೂರಲ್ಲಿ ಎಲ್ಲರಿಗೂ ಬಾಯಿತ್ತು. ನಿಜಾಮ ಸೋತ ಮೇಲೆ, ರಜಾಕಾರರ ಮುಖವನ್ನೇ ಕಂಡಿರದ ಪಿಂಜಾರ, ಅತ್ತಾರ, ಮುಲ್ಲಾಗಳನ್ನು ಹುಡುಕಿ ಹುಡುಕಿ ಕೊಂದರು. ಅದನ್ನು ಹೇಳುವಾಗ ಮಾತ್ರ ಎಲ್ಲರ ಬಾಯಲ್ಲೂ ಎಲೆ ಅಡಿಕೆ ಇರುತ್ತಿತ್ತು. ಸರ್ಕಾರ ವಿಚಾರಣೆ ಮಾಡಿಸಿ ವರದಿ ಬರೆಸಿ, ಬಹಳ ವರ್ಷ ಕಪಾಟಿನಲ್ಲಿ ಇಟ್ಟಿತೆಂದು ಕೇಳಿದ್ದೇನೆ. ಆಶ್ಚರ್ಯವೇನೂ ಇಲ್ಲ. ನಾನೂ ಕಚೇರಿಯವನೇ, ಕಪಾಟು ಯಾತಕ್ಕೆ ಇರುತ್ತದೆಂದು ಬಲ್ಲೆ.

ಆ ದಿನಗಳಲ್ಲಿ ನನ್ನ ಅಜ್ಜ ಇಮಾಮಸಾಬನನ್ನು ನಮ್ಮ ಅಂಗಳದ ಹಗೇವಿನಲ್ಲಿ ಬಚ್ಚಿಟ್ಟ. ಹಗೇವು ಎಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಆಳವಾದ ಕಣಜ; ಕಿರಿದಾದ ಬಾಯಿ, ಅದಕ್ಕೊಂದು ಕಲ್ಲಿನ ಮುಚ್ಚಳ. ಅಜ್ಜ ಅವನನ್ನು ಇಳಿಸಿ, ಕಲ್ಲು ಮುಚ್ಚಿ, ಮೇಲೆ ಕಣಿಕೆ, ಒಣಗಿದ ಜೋಳದ ದಂಟು, ಹರವಿದ. ಕೊಲ್ಲಲು ಬಂದವರಿಗೆ "ಇಲ್ಲಿ ಯಾರೂ ಇಲ್ಲ" ಎಂದ. ಈ ಕಥೆಯನ್ನು ಅಜ್ಜಿ ನಮಗೆ ನೂರು ಸಲ ಹೇಳಿದ್ದಾಳೆ. "ಆಮ್ಯಾಲೆ?" ಎಂದರೆ, "ಆಮ್ಯಾಲೇನು? ಮಲ್ಕೋರಿ" ಎನ್ನುತ್ತಿದ್ದಳು. ನಾವು ಮಲಗುತ್ತಿದ್ದೆವು. ಕಥೆ ಅಲ್ಲಿಗೇ ಮುಗಿದಿದೆ ಎಂದು ನಂಬುವುದಕ್ಕೆ ಮಕ್ಕಳಾಗಿರಬೇಕೆಂದೇನೂ ಇಲ್ಲ. ಅರವತ್ತಾರು ವರ್ಷದವನಾಗುವವರೆಗೆ ನಾನೂ ನಂಬಿದ್ದೆ.

"ನೋಡು, ಅಜ್ಜ ಉಳಿಸಿದ ಮನುಷ್ಯನ ಮಗಳು!" ಎಂದು ಮೆಟ್ರೋದಲ್ಲಿ ಸರೋಜಾಳಿಗೆ ಹೇಳಿದೆ. "ಪಾಪ, ಇಷ್ಟು ವರ್ಷ ಯಾರಿಗೆ ಉಪಕಾರ ಹೇಳಬೇಕು ಅಂತ ಕಾದಿರಬೇಕು."

"ನೀವು ಹೋಗಿ ಇಸ್ಕೊಂಡ ಬರ್ರಿ," ಎಂದಳು ಸರೋಜಾ. "ಚೀಲಾ ಒಯ್ಯೂದು ಮರೀಬ್ಯಾಡ್ರಿ."

ಕೃತಜ್ಞತೆಯನ್ನು ಸ್ವೀಕರಿಸಲು ಶುಭದಿನವೊಂದನ್ನು ನಿಶ್ಚಯಿಸಿದೆ: ವಿಜಯದಶಮಿ. ನಡುವೆ ಸೆಪ್ಟೆಂಬರ್ ಹದಿನೇಳು ಬಂತು, ನಿಜಾಮ ಶರಣಾದ ದಿನ. ನಮ್ಮ ಕಡೆ ಅಂದು ಧ್ವಜ, ಭಾಷಣ, ಮಕ್ಕಳಿಗೆ ಮಿಠಾಯಿ. ಇಲ್ಲಿಯೂ ಅಷ್ಟೆ, ಆದರೆ ಒಂದೇ ದಿನಕ್ಕೆ ಎರಡು ಮೂರು ಹೆಸರು. ಒಬ್ಬರಿಗೆ ವಿಮೋಚನೆ, ಇನ್ನೊಬ್ಬರಿಗೆ ವಿಲೀನ. ಅಂದು ತರಕಾರಿಗೆಂದು ಹೋದವನು ಗಾದಿ ಅಂಗಡಿಯ ಮುಂದೆ ಹಾದೆ. ಬಾಗಿಲು ಅರ್ಧ ಎಳೆದಿತ್ತು. ಮೈಕಿನಲ್ಲಿ ಯಾರೋ ಇತಿಹಾಸ ಹೇಳುತ್ತಿದ್ದರು. ಅರ್ಧ ಬಾಗಿಲಿನ ಒಳಗೆ ಹುಸೇನಬೀ ಹತ್ತಿಯಿಂದ ಬೀಜ ಆರಿಸುತ್ತಿದ್ದರು. ನಾನು ಕರೆಯಲಿಲ್ಲ.

ದಸರಾದ ದಿನ ನಮ್ಮಲ್ಲಿ ಬನ್ನಿ ಎಲೆ ಹಂಚುತ್ತೇವಲ್ಲ, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು; ವೈರಿಯಾದರೂ ಅಂದು ಎಲೆ ಕೊಟ್ಟರೆ ಬೇಡ ಅನ್ನುವಂತಿಲ್ಲ. ತೆಲಂಗಾಣದಲ್ಲೂ ಅದೇ ಪದ್ಧತಿ, ಅದೇ ಎಲೆ. ಇವರು ಜಮ್ಮಿ ಅನ್ನುತ್ತಾರೆ, ಬಂಗಾರವೆಂದೇ ಕೊಡುತ್ತಾರೆ. ಪರಊರಿನಲ್ಲಿ ಒಂದಾದರೂ ಹಬ್ಬ ನನಗೆ ಅನುವಾದವಿಲ್ಲದೆ ಸಿಕ್ಕಿತೆಂದು ಸಂತೋಷಪಟ್ಟೆ. ಕರವಸ್ತ್ರದಲ್ಲಿ ಎಲೆ ಕಟ್ಟಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸರೋಜಾಳನ್ನು ಕರೆದುಕೊಂಡು ಹೊರಟೆ. ಹುಸೇನಬೀಯ ಮನೆ ಅಂಗಡಿಯ ಮೇಲೆಯೇ. ಅವರು ಎರಡೂ ಕೈಯಲ್ಲಿ ಎಲೆ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡರು. ರಫೀಕ್ ಭಾಯಿ ಚಹಾ, ಉಸ್ಮಾನಿಯಾ ಬಿಸ್ಕತ್ತು ತಂದಿಟ್ಟು, ತಾಯಿಯ ಕನ್ನಡವನ್ನು ಸಿನಿಮಾ ನೋಡುವ ಹಾಗೆ ನೋಡುತ್ತ ಕೂತರು.

ನಾನು ಕೃತಜ್ಞತೆಗೆ ಕಾದೆ. ಅದು ಬರುವ ಸೂಚನೆ ಕಾಣದಿದ್ದಾಗ, ಸ್ವಲ್ಪ ನೆರವಾಗಲೆಂದು ನಮ್ಮ ಮನೆಯ ದಸರಾದ ವೈಭವ ಬಣ್ಣಿಸತೊಡಗಿದೆ.

"ನಮ್ಮ ಮನ್ಯಾಗ ಒಂದು ವಿಚಿತ್ರ ಪದ್ಧತಿ ನೋಡ್ರವ್ವಾ. ಮೊದಲನೇ ಬನ್ನಿ ದೇವರಿಗೂ ಇಲ್ಲ, ಹಿರಿಯರಿಗೂ ಇಲ್ಲ. ಅಂಗಳದಾಗಿನ ತುಳಸಿಕಟ್ಟಿ ಮ್ಯಾಲೆ ಇಡಬೇಕು. ಅಜ್ಜ ಇರೂತನಕ ಅವರ ಕೈಲೇನ ಇಡತಿದ್ರು. ಯಾಕಂತ ಕೇಳಿದ್ರ ಹೇಳತಿರಲಿಲ್ಲ. ನಮ್ಮಣ್ಣ ಇನ್ನೂ ಇಡತಾನ."

ಹುಸೇನಬೀ ಎಲೆಯನ್ನು ಬೆರಳಲ್ಲಿ ಸವರುತ್ತಿದ್ದವರು ನಿಲ್ಲಿಸಿದರು.

"ಮೊದಲನೇ ಬನ್ನಿ ನಮ್ಮ ಅಬ್ಬಾಂದಾಗಿತ್ತು," ಎಂದರು. "ಸಣ್ಣಾವರಿದ್ದಾಗಿಂದ ದೋಸ್ತರು ಅವರು. ಬನ್ನಿ ಮುರಕೊಂಡು ಸೀಮಿಯಿಂದ ಬರೂ ಹಾದಿಯೊಳಗ ನಮ್ಮನಿ ಮೊದಲ. ನಿಮ್ಮಜ್ಜ ನಮ್ಮ ಬಾಗಲಿಗೆ ನಿಂತು, ಇಮಾಮ್, ನಿಂದು ತಗೊಂಡ ಮ್ಯಾಲ ದೇವರಿಗೆ, ಅಂತಿದ್ದ."

ನಾನು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದ್ದೆ.

"ಕಟ್ಟಿ ಎಲ್ಲೈತಿ, ತಮ್ಮಾ?"

"ಅದೂ ವಿಚಿತ್ರನ. ಎಲ್ಲಾರ ಮನ್ಯಾಗೂ ಅಂಗಳದ ನಡುವ ಇರ್ತದ. ನಮ್ಮದು ಬಲಕ್ಕ, ದನದ ಗ್ವಾದಲಿ ಪಕ್ಕ, ಒಂದ ಮೂಲ್ಯಾಗ..."

"ಅಲ್ಲೆ ಹಗೇವಿತ್ತಲ್ಲಪ್ಪಾ," ಎಂದರು ಹುಸೇನಬೀ.

ಬಿಸ್ಕತ್ತು ಮುರಿದು ಬಟ್ಟಲಿನಲ್ಲಿ ಮುಳುಗಿತು. ಆಮೇಲೆ ಅವರು ಬಹಳ ಮೃದುವಾಗಿ, ಉತ್ತರ ಕೇಳುವವರ ಹಾಗಲ್ಲದೆ ಉತ್ತರಕ್ಕೆ ದಾರಿ ಬಿಡುವವರ ಹಾಗೆ, ಹೇಳಿದರು: "ನಮ್ಮ ಅಬ್ಬಾನ್ನ ಇಳಸಿದ್ದು ನಾ ನೋಡೀನಿ. ಏಳು ವರ್ಷದಾಕಿ ಇದ್ದೆ. ಕಲ್ಲು ಮುಚ್ಚಿದ್ದೂ ನೋಡೀನಿ. ನಿಮ್ಮಜ್ಜ ಅವತ್ತ ನಸಿಕಿನ್ಯಾಗ ನನ್ನ, ನಮ್ಮ ಅಮ್ಮಾನ್ನ ಗಾಡ್ಯಾಗ ಕೂಡಿಸಿ, ಮ್ಯಾಲ ಕಣಿಕಿ ಹೊಚ್ಚಿ ಕಳಿಸಿದ. ಈ ಅಂಗಡಿ ನಮ್ಮ ಮಾಮುಂದು. ವಿಳಾಸ ನಿಮ್ಮಜ್ಜನ ಬರದು ಕೊಟ್ಟ. ಇಮಾಮನ್ನ ಹಿಂದಿಂದ ಕಳಸ್ತೀನಿ ಅಂದ. ಬಿಲ್ಲೂ ಗಾಡ್ಯಾಗ ಇಟ್ಟ. ಬಂದ ಕೂಡ್ಲೆ ಕೆಲಸಕ್ಕ ಬೇಕಾಗತೈತಲ್ಲ." ಗೋಡೆಯಾಚೆ, ಕೆಳಗೆ, ಅಂಗಡಿಯಲ್ಲಿ ತೂಗಿದ್ದ ಬಿಲ್ಲಿನ ಕಡೆ ಕೈ ತೋರಿಸಿದರು. "ತಮ್ಮಾ, ನಮ್ಮ ಅಬ್ಬಾನ್ನ ಯಾವತ್ತ ಹೊರಗ ತಗದ್ರು?"

"ನನಗ ಗೊತ್ತಿಲ್ರಿ. ಅಣ್ಣನ್ನ ಕೇಳಿ ಹೇಳತೀನಿ," ಎಂದೆ. ಅದೇನೋ ಸುಳ್ಳಲ್ಲ. ಆದರೆ ಮೆಟ್ಟಿಲಿಳಿಯುವಾಗ ಸರೋಜಾ ನನ್ನ ರಟ್ಟೆ ಹಿಡಿದುಕೊಂಡಿದ್ದಳು, ಮೂವತ್ತೆಂಟು ವರ್ಷದ ಸಂಸಾರದಲ್ಲಿ ಬೀದಿಯಲ್ಲಿ ಎಂದೂ ಹಿಡಿಯದವಳು.

ಮರುದಿನ ಊರಿಗೆ ಫೋನ್ ಮಾಡಿದೆ. ಅಣ್ಣ ಗುರಣ್ಣ ನನಗಿಂತ ಒಂಬತ್ತು ವರ್ಷ ದೊಡ್ಡವ, ಅದೇ ಮನೆಯಲ್ಲಿ ಮಕ್ಕಳು ಮೊಮ್ಮಕ್ಕಳೊಂದಿಗೆ ಒಕ್ಕಲುತನ ಮಾಡಿಕೊಂಡಿದ್ದಾನೆ. ಇಮಾಮಸಾಬನ ಹೆಸರೆತ್ತಿದ ಕೂಡಲೇ ಅವನು ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದ ಸದ್ದಾಯಿತು.

"ಅಜ್ಜ ಸಾಯೂ ಹಿಂದಿನ ದಿನಾ ನನ್ನ ಒಬ್ಬನ್ನ ಕರದು ಹೇಳಿದ," ಎಂದ ಕೊನೆಗೆ. "ಯಾರಿಗೂ ಹೇಳಬ್ಯಾಡ ಅಂದಿದ್ದ."

"ನಾ ಯಾರಲ್ಲೋ ಅಣ್ಣಾ. ಹೇಳು."

"ಹುಡಕ್ಕೊಂಡ ಬಂದವರು ಹೋಗಲಿಲ್ಲೋ. ಎರಡು ದಿನಾ ನಮ್ಮ ಅಂಗಳದಾಗ ಕುಂತ್ರು. ಮಳೀ ಹಿಡದಿತ್ತಂತ. ಅಜ್ಜಿ ರೊಟ್ಟಿ ಬಡದು ಹಾಕಿದ್ಲು. ಅವರು ಕಣಿಕಿ ಮ್ಯಾಲೇ ಕುಂತು ಉಂಡ್ರಂತ. ಮೂರನೇ ದಿನಾ ಅವರು ಹ್ವಾದ ಮ್ಯಾಲ ಅಜ್ಜ ಕಲ್ಲು ಸರಿಸಿ ಕಂದೀಲ ಇಳಿಸಿದ. ಕಂದೀಲ ಆರ್ತು."

ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬುತ್ತದೆ. ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಉರಿಯುವ ಕಂದೀಲು ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಒಕ್ಕಲಿಗರ ಮನೆಯ ಕೂಸಿಗೂ ಗೊತ್ತಿರುವ ಮಾತು. ಇಮಾಮಸಾಬನನ್ನು ಇಳಿಸಿದ ದಿನ ಯಾರಿಗೂ ಅಷ್ಟು ವೇಳೆ ಇರಲಿಲ್ಲ.

"ಆಮ್ಯಾಲೆ?" ಎಂದೆ.

"ಆಮ್ಯಾಲೇನು," ಎಂದ ಗುರಣ್ಣ. "ಮಣ್ಣ ಹಾಕಿ ಮುಚ್ಚಿದ. ಮ್ಯಾಲ ಕಟ್ಟಿ ಕಟ್ಟಿಸಿದ."

ನಾರಾಯಣಗೂಡದಿಂದ ಸುಲ್ತಾನ್ ಬಜಾರಿಗೆ ಮೆಟ್ರೋದಲ್ಲಿ ಒಂದೇ ನಿಲ್ದಾಣ. ಅದನ್ನು ದಾಟಲು ನನಗೆ ಇಪ್ಪತ್ತಾರು ದಿನ ಹಿಡಿಯಿತು. ಮೊದಲ ವಾರ ಮೊಣಕಾಲು ನೋವು. ಎರಡನೆಯ ವಾರ ಮೊಮ್ಮಗಳಿಗೆ ನೆಗಡಿ. ಮೂರನೆಯದರಲ್ಲಿ ದೀಪಾವಳಿ, ಹಬ್ಬದ ದಿನ ಅಂಥ ಸುದ್ದಿ ಒಯ್ಯಬಾರದೆಂದು ಶಾಸ್ತ್ರವಿದೆ, ಇಲ್ಲದಿದ್ದರೆ ಇರಬೇಕಿತ್ತು. ಕಡತವನ್ನು ಮುಂದೂಡುವ ವಿದ್ಯೆಯಲ್ಲಿ ನನಗೆ ಮೂವತ್ತನಾಲ್ಕು ವರ್ಷದ ಅನುಭವವಿತ್ತು. ಇಷ್ಟಕ್ಕೂ, ಎಂದು ನನ್ನಷ್ಟಕ್ಕೆ ವಾದಿಸಿದೆ, ಎಂಬತ್ತಮೂರು ವರ್ಷದ ಜೀವ. ಅಪ್ಪ ಎಲ್ಲೋ ಹೋಗಿ ಬದುಕಿದ್ದನೆಂದು ನಂಬಿಕೊಂಡೇ ಹೋಗಲಿ ಬಿಡು. ಹೇಳುವುದೇ ಕ್ರೌರ್ಯ.

ಕುಕ್ಕರಿನ ಸೀಟಿ ಎಣಿಸುತ್ತಿದ್ದ ಸರೋಜಾ ತಿರುಗಿಯೂ ನೋಡದೆ ಹೇಳಿದಳು: "ಅಜ್ಜನೂ ಹಿಂಗ ಅಂದ್ಕೊಂಡಿರಬೇಕು. ಮೂಗ ಒಂದ ಅಲ್ಲ, ಎಲ್ಲಾ ಅವರದ ಬಂದೈತಿ ನಿಮಗ."

ಅಂಗಿಗೆ ಇಸ್ತ್ರಿ ಹಾಕದೆಯೇ ಹೊರಟೆ.

ಹುಸೇನಬೀ ಅದೇ ಮೂಟೆಗಳ ನಡುವೆ ಕೂತಿದ್ದರು. "ಬಂದಿ?" ಎಂದರು. "ಭಾಳ ದಿನಾ ತಗೊಂಡಿ. ಆದ್ರೂ ನಿಮ್ಮಜ್ಜಗಿಂತ ಜಲ್ದಿ ಬಂದಿ."

ಅವರಿಗೆ ಗೊತ್ತಿತ್ತು. ಕಟ್ಟೆ ಎಲ್ಲಿದೆಯೆಂದು ಹೇಳಿದ ದಿನವೇ ನಾನು ಎಲ್ಲವನ್ನೂ ಹೇಳಿಬಿಟ್ಟಿದ್ದೆ. ಆದರೂ ಅವರು ಕಾದಿದ್ದರು, ನಮ್ಮ ಮನೆಯವನೊಬ್ಬನ ಬಾಯಿಂದ ಬರಲಿ ಎಂದು. ಪಕ್ಷಗಾರರಿಗೆ ದಸ್ತಾವೇಜನ್ನು ಗಟ್ಟಿಯಾಗಿ, ನಿಧಾನವಾಗಿ, ತಿಳಿಯುವ ಹಾಗೆ ಓದಿ ಹೇಳುವುದಕ್ಕೆ ಸರ್ಕಾರ ನನಗೆ ಸಂಬಳ ಕೊಟ್ಟಿತ್ತು. ಮಳೆ, ಎರಡು ದಿನ, ರೊಟ್ಟಿ, ಕಂದೀಲು. ಹೇಗೋ ಹೇಳಿ ಮುಗಿಸಿದೆ.

"ಕೂಗಿದ್ನಂತೇನು?" ಎಂದರು.

"ಅಜ್ಜ ಅದನ್ನ ಹೇಳಿಲ್ಲಂತ್ರಿ."

"ನೀ ಕೇಳಿದಿ?"

"ಕೇಳಿದೆ."

"ಹ್ಞೂಂ." ಸ್ವಲ್ಪ ಹೊತ್ತು ಹತ್ತಿಯನ್ನು ಬಿಡಿಸಿದರು. "ನಮ್ಮ ಅಮ್ಮಾ ಸಾಯೂತನಕ ಕೈಬಳಿ ತಗೀಲಿಲ್ಲ. ಇದ್ದರ ಬರ್ತಾನ ಅಂತ. ಷಬ್-ಎ-ಬರಾತಿಗೆ ಸತ್ತವರಿಗೆಲ್ಲಾ ಫಾತೇಹಾ ಓದಸ್ತೀವಿ. ಅಬ್ಬಾಂದು ಒಂದ ವರ್ಷನೂ ಓದಸಿಲ್ಲ. ಇದ್ದವನಿಗೆ ಹೆಂಗ ಓದಸೂದು?"

ನಾನು ಕೈ ಮುಗಿದೆ. ಮುಗಿಯುವಾಗ ಈ ಕೈ ಎಷ್ಟು ಸುಲಭವಾಗಿ ಮುಗಿಯುತ್ತದೆ ಎಂದು ನನಗೇ ನಾಚಿಕೆಯಾಯಿತು. "ಅಜ್ಜನ್ನ ಮಾಫ್ ಮಾಡ್ರಿ ಅವ್ವಾ," ಎಂದೆ.

ಅವರು ಅನೇಕ ಸಲ ಯೋಚಿಸಿ ಇಟ್ಟುಕೊಂಡಿದ್ದನ್ನು ತೆಗೆಯುವವರ ಹಾಗೆ ಒಂದೊಂದೇ ತೆಗೆದರು.

"ನಾ ಬದುಕಿದ್ದು ನಿಮ್ಮಜ್ಜನಿಂದ. ಅದಕ್ಕ ನಮಾಜಿನ್ಯಾಗ ದಿನಾ ಅವನ ಹೆಸರು ತಗೊಂಡೀನಿ. ಅವ ಹೆದರಿದ, ಯಾರ ಹೆದರಂಗಿಲ್ಲ? ಅದನ್ನೂ ಬಿಡು. ಒಳಗಿದ್ದಾಂವಂದು ನಾ ಹೆಂಗ ಮಾಫ್ ಮಾಡ್ಲಿ? ಅದು ಅವನ ಹಕ್ಕು. ಅವರಿಬ್ಬರೂ ದೋಸ್ತರು, ಮ್ಯಾಲೆ ಮಾತಾಡ್ಕೊಂಡಿರ್ತಾರ." ಹತ್ತಿ ಕೆಳಗಿಟ್ಟರು. "ಖರೆ, ಒಂದ ಕಾರ್ಡು, ತಮ್ಮಾ. ಊರ ಮಂದಿ ಕಾಗದಾ ಎಲ್ಲಾ ನಿಮ್ಮಜ್ಜನ ಬರೀತಿದ್ದ. ನಮ್ಮ ವಿಳಾಸ ಅವನ ಬರದದ್ದು. ಇಮಾಮ್ ಇಲ್ಲ, ಅಂತ ಒಂದ ಸಾಲು ಬರೀಲಿಲ್ಲ. ನಮ್ಮ ಅಮ್ಮಾ ಪೋಸ್ಟಿನಾಂವನ್ನ ಕಂಡ್ರ ಎದ್ದು ನಿಲ್ತಿದ್ಲು. ಮೂವತ್ತು ವರ್ಷ ಎದ್ದು ನಿಂತ್ಲು. ಅದು ನಂದು. ಅದನ್ನ ಮಾಫ್ ಮಾಡಾಕ ನೋಡೀನಿ. ಆಗವಲ್ದು."

ಹಕ್ಕುದಾರನ ಸಹಿ ಇಲ್ಲದ ಪತ್ರಗಳನ್ನು ನಾನೇ ಎಷ್ಟು ಸಲ ತಿರುಗಿಸಿ ಕಳಿಸಿಲ್ಲ. ಅಂಗಲಾಚಿದವರಿದ್ದರು, ಅತ್ತವರಿದ್ದರು. ಕಾನೂನು ನನಗೆ ಚೆನ್ನಾಗಿ ಗೊತ್ತಿತ್ತು. ಅದು ಇಷ್ಟು ಭಾರವಿರುತ್ತದೆಂದು ಗೊತ್ತಿರಲಿಲ್ಲ.

"ರಫೀಕ್," ಎಂದು ಅವರು ಮಗನನ್ನು ಕರೆದರು. "ಕಮಾನ್ ಕೀ ತಾಂತ್ ಉತಾರ್ ದೇ."

ಬಿಲ್ಲಿನ ತಂತಿ ಇಳಿಸು ಎಂದು. ಪ್ರತಿ ವರ್ಷ ತಾಯಿ ಹೇಳಿದಂತೆ ಹೊಸ ತಂತಿ ಬಿಗಿಯುತ್ತಿದ್ದ ರಫೀಕ್ ಭಾಯಿ, ಅದು ಅಂಗಡಿಯ ಬರ್ಕತ್ತಿಗೆ, ಏಳಿಗೆಗೆ ಎಂದು ತಿಳಿದಿದ್ದರಂತೆ. ಸ್ಟೂಲು ಹತ್ತಿ ಒಂದು ತುದಿ ಬಿಚ್ಚಿದರು. ಅದು ಒಮ್ಮೆ ಗುಂಯ್ ಎಂದಿತು. ಹೊರಗೆ ಬೀದಿಯ ಗದ್ದಲ ಇದ್ದೇ ಇತ್ತು, ಒಬ್ಬ ಗಿರಾಕಿ ದಿಂಬಿನ ಬೆಲೆ ಕೇಳುತ್ತಿದ್ದ. ಹುಸೇನಬೀ ಮಗನಿಗೆ ಉರ್ದುವಿನಲ್ಲಿ ಎರಡೇ ಮಾತಿನಲ್ಲಿ ತಿಳಿಸಿದರು. ತಾಯಿಯ ಮುಂದೆ ಮೊಣಕಾಲೂರಿ ಕೂತ ಮಗ ಮೊಟ್ಟಮೊದಲ ಸಲ ತಮ್ಮ ಅಜ್ಜ ಇಮಾಮಸಾಬನ ಹೆಸರು ಹಿಡಿದು "ಇನ್ನಾಲಿಲ್ಲಾಹಿ" ಎಂದರು. ಸಾವಿನ ಸುದ್ದಿ ಕೇಳಿದಾಗ ಹೇಳುವ ಮಾತು ಅದು. ಮುಕ್ಕಾಲು ಶತಮಾನದ ಹಿಂದಿನ ಸಾವು ಅಂದು ಮಧ್ಯಾಹ್ನ ಆ ಅಂಗಡಿಯಲ್ಲಿ ಸಂಭವಿಸಿತು.

ಡಿಸೆಂಬರಿನಲ್ಲಿ ಊರಿಗೆ ಹೋದೆವು. ರಫೀಕ್ ಭಾಯಿಯ ವ್ಯಾನಿನಲ್ಲಿ, ಹಿಂದೆ ನಾಲ್ಕು ಗಾದಿ ಹಾಸಿ ಹುಸೇನಬೀಯನ್ನು ಮಲಗಿಸಿಕೊಂಡು. ಹೋಗುವ ಮೊದಲು ಗುರಣ್ಣನಿಗೆ ತಿಳಿಸಿದ್ದೆ. ಅವನು ಸರಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಏನು ಮಾಡಿಯಾನೋ ಎಂಬ ಅಳುಕಿನಲ್ಲೇ ಅಂಗಳಕ್ಕೆ ಕಾಲಿಟ್ಟರೆ, ತುಳಸಿ ಗಿಡವನ್ನು ಬುಡಸಮೇತ ಎಬ್ಬಿಸಿ, ಬಣ್ಣದ ಬಕೆಟ್ಟೊಂದರಲ್ಲಿ ನೆಟ್ಟು, ಅಂಗಳದ ನಟ್ಟನಡುವೆ ತಂದಿಟ್ಟಿದ್ದ. ಕಟ್ಟೆಯನ್ನು ತೊಳೆದು ಬರಿದು ಮಾಡಿದ್ದ. ಎಪ್ಪತ್ತೈದರ ಅವನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ, ಬಾಯಿಪಾಠ ಮರೆತ ಹುಡುಗನ ಹಾಗೆ.

ಹಗೇವು ತೆರೆಯಲೇ ಎಂದು ಅವನು ಕೇಳಿದ. "ಬ್ಯಾಡ," ಎಂದರು ಹುಸೇನಬೀ. "ಮಣ್ಣಾಗ ಅದಾನ. ಮಣ್ಣಾಗ ಇದ್ರ ಅದ ಕಬರ."

ರಫೀಕ್ ಭಾಯಿ ಫಾತೇಹಾ ಓದಿದರು. ಹುಸೇನಬೀ ಕಟ್ಟೆಯ ಮೇಲೆ ಕೂತು, ಗಾದಿಯ ಹತ್ತಿ ಸಮನಾಗಿದೆಯೋ ಎಂದು ನೋಡುವ ಹಾಗೆ ಅಂಗೈಯಿಂದ ಕಲ್ಲನ್ನು ಅಲ್ಲಲ್ಲಿ ಒತ್ತಿದರು. ಆಮೇಲೆ ಬಗ್ಗಿ ಮಾತಾಡಿದರು. ಪ್ರಾರ್ಥನೆಯಲ್ಲ, ಉರ್ದುವೂ ಅಲ್ಲ. ಏಳು ವರ್ಷದ ಹುಡುಗಿಯ ಕನ್ನಡ.

"ಅಬ್ಬಾ, ನಾ ಹುಸೇನಿ. ಅಮ್ಮಾ ಭಾಳ ದಾರಿ ನೋಡಿದ್ಲು. ಬಿಲ್ಲು ಅಂಗಡ್ಯಾಗ ಐತಿ. ತಂತಿ ಇಳಿಸೀವಿ. ಇನ್ನ ನೀ ಬರೂದ ಬ್ಯಾಡ."

ನನ್ನ ಅತ್ತಿಗೆ ಒಳಗೆ ಓಡಿಹೋಗಿ ಬಾಗಿಲ ಮರೆಯಲ್ಲಿ ಅತ್ತಳು. ಆಮೇಲೆ ಚಹಾ ತಂದಳು. ಊಟಕ್ಕೆ ಏಳ್ರಿ, ರೊಟ್ಟಿ ಬಿಸಿ ಅದಾವು ಎಂದಳು. ಹುಸೇನಬೀ ಚಹಾ ಕುಡಿದರು. ರೊಟ್ಟಿ ಮುಟ್ಟಲಿಲ್ಲ. ಯಾರೂ ಎರಡನೆಯ ಸಲ ಹೇಳಲಿಲ್ಲ.

ಹೊರಡುವಾಗ ಗುರಣ್ಣ ಕೊನೆಗೂ ಬಾಯಿಬಿಟ್ಟ. "ಇಲ್ಲೆ ದಿನಾ ಸಂಜೀಕ ದೀಪ ಹಚ್ಚತಿದ್ದೆವು ಅವ್ವಾ. ತುಳಸಿಗಂತ. ಈಗ ತುಳಸಿ ಅಲ್ಲಿಗೆ ಹೋತು. ಇಲ್ಲೆ ಹಚ್ಚೂದು ಬಿಡೂಣೇನು?"

ಹುಸೇನಬೀ ವ್ಯಾನಿನ ಬಾಗಿಲು ಹಿಡಿದು ಯೋಚಿಸಿದರು. "ಇಷ್ಟ ವರ್ಷ ಹಚ್ಚೀರಿ," ಎಂದರು. "ಈಗ್ಯಾಕ ಬಿಡತೀರಿ?"

ಇದನ್ನು ಬರೆಯುತ್ತಿರುವುದು ನಾರಾಯಣಗೂಡದಲ್ಲಿ, ನಳದಲ್ಲಿ ನೀರು ಬರುವ ಹೊತ್ತಿನಲ್ಲಿ. ಸರೋಜಾ ಕೊಡ ಇಟ್ಟಿದ್ದಾಳೆ. ಮೊದಲಿನ ಹಾಗೆ ನನ್ನ ಅಜ್ಜನ ವಲಸೆಯ ಬಗ್ಗೆ ವಿನೋದ ಮಾಡಲು ಬಾಯಿ ಬರುವುದಿಲ್ಲ. ಆದರೆ ಸಂಗತಿಯೇನೋ ನಿಜ. ನಮ್ಮ ಮನೆತನದವರೆಲ್ಲ ಬೂದಿಯಾಗಿ, ಮಾಂಜ್ರಾ ಸೇರಿ, ಗಡಿ ದಾಟಿ ಈ ಕಡೆ ಹರಿದುಬಂದಿದ್ದಾರೆ. ಊರಿನ ಆ ಮನೆಯ ಮಣ್ಣಿನಲ್ಲಿ ನಮ್ಮವರು ಒಬ್ಬರೂ ಇಲ್ಲ. ಅಲ್ಲಿ ಉಳಿದಿರುವವನು ಇಮಾಮಸಾಬ ಒಬ್ಬನೇ. ಮನೆಯ ಉತಾರದ ಕಾಗದದಲ್ಲಿ ಯಾರ ಹೆಸರಾದರೂ ಇರಲಿ, ಆ ಅಂಗಳದ ಕಾಯಂ ನಿವಾಸಿ ಅವನು.

ಸುಲ್ತಾನ್ ಬಜಾರಿನಲ್ಲಿ ಈಗ ಗಿರಾಕಿಗಳು ಯಾರಾದರೂ ಮಾತಿಗೆಂದು ಊರು ಕೇಳಿದರೆ, ಹುಸೇನಬೀ ತಡವರಿಸದೆ ನಮ್ಮೂರಿನ ಹೆಸರು ಹೇಳುತ್ತಾರೆ. ನಕ್ಷೆಯಲ್ಲಿ ನೊಣ ಕೂತರೆ ಮರೆಯಾಗುವ ಊರು, ಗಿರಾಕಿಗಳಿಗೆ ಗೊತ್ತಾಗುವುದಿಲ್ಲ. ಅವರು ಬೇಸರಿಸದೆ ದಾರಿ ವಿವರಿಸುತ್ತಾರೆ.

ನನ್ನನ್ನು ಕೇಳಿದರೆ ನಾನು ಒಂದು ಗಳಿಗೆ ತಡೆದು ನಾರಾಯಣಗೂಡ ಅನ್ನುತ್ತೇನೆ.